ಗೆರೆ ಕಾಯ್ದ ಮೇಷ್ಟ್ರು ಬರ್ಲ್ ಟೋಲರ್

ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕಿನಿಂದ ಸ್ವಲ್ಪ ದೂರದಲ್ಲಿ, ಗುಡ್ಡದ ಮೇಲೆ, ಜೋಡಿ ಗೋಪುರಗಳ ಇಗರ್ಜಿಯೊಂದು ಕಾಣಿಸುತ್ತದೆ. ಅದರ ಪಕ್ಕದಲ್ಲೇ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯ. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜನ್ನು ಕಟ್ಟಿದ ಜೆಸ್ವಿಟ್ ಪಾದ್ರಿಗಳೇ ಇದನ್ನೂ ಕಟ್ಟಿದವರು. ಇಲ್ಲಿನ ಒಂದು ವಿದ್ಯಾರ್ಥಿ ನಿಲಯದ ಹೆಸರು ಟೋಲರ್ ಹಾಲ್. 2017ರವರೆಗೆ ಆ ಕಟ್ಟಡಕ್ಕಿದ್ದ ಹೆಸರು ಫೆಲನ್ ಹಾಲ್.

ಜೇಮ್ಸ್ ಫೆಲನ್ ಈ ನಗರದ ಮೇಯರ್ ಆಗಿದ್ದವರು, 1915ರಿಂದ 1921ರವರೆಗೆ ಅಮೆರಿಕದ ಸೆನೆಟರ್ ಆಗಿದ್ದವರು. ಕ್ಯಾಲಿಫೋರ್ನಿಯಾ ಬಿಳಿಯರದ್ದಾಗಿಯೇ ಉಳಿಯಬೇಕು ಎಂಬ ಘೋಷಣೆಯೊಂದಿಗೆ 1920ರ ಚುನಾವಣೆಗೆ ನಿಂತವರು. ಚೀನೀಯರು, ಜಪಾನೀಯರು ಸೇರಿ ಏಷ್ಯಾದವರು ಯಾರೂ ಈ ನೆಲಕ್ಕೆ ಬರಬಾರದು ಎಂಬುದು ಅವರ ರಾಜಕೀಯದ ತಿರುಳು. ಅಂಥವರ ಹೆಸರು ವಿದ್ಯಾರ್ಥಿಗಳು ಮಲಗಿ ಏಳುವ ಕಟ್ಟಡದ ಮೇಲೆ ಬೇಡ ಎಂದು ವಿದ್ಯಾರ್ಥಿಗಳೇ ಒತ್ತಾಯಿಸಿದರು. ವಿಶ್ವವಿದ್ಯಾಲಯ ಒಪ್ಪಿತು. ಸೆನೆಟರ್ ಹೆಸರು ಕೆಳಗಿಳಿದು, ಅಲ್ಲಿಯೇ ಓದಿದ ಕರಿಯ ಹುಡುಗನೊಬ್ಬನ ಹೆಸರು ಮೇಲೇರಿತು.

ಆ ಹುಡುಗ ಬರ್ಲ್ ಟೋಲರ್. ಮೊದಲು ಫುಟ್‌ಬಾಲ್ ಆಟಗಾರ, ಆಮೇಲೆ ಶಾಲಾ ಮೇಷ್ಟ್ರು, ಪ್ರಾಂಶುಪಾಲ. ಅದರ ಜೊತೆಗೇ 25 ಸೀಸನ್‌ಗಳ ಕಾಲ ಅಮೆರಿಕದ ಅತಿ ದೊಡ್ಡ ಕ್ರೀಡಾ ಲೀಗ್‌ನಲ್ಲಿ ತೀರ್ಪುಗಾರ. ಬೇ ಏರಿಯಾದಲ್ಲಿ ಬದುಕು ಕಟ್ಟಿಕೊಂಡಿರುವ ನಮ್ಮವರಿಗೂ, ಮಕ್ಕಳು ಮೊಮ್ಮಕ್ಕಳನ್ನು ನೋಡಲು ಆರು ತಿಂಗಳು ಅಲ್ಲಿಗೆ ಹೋಗಿಬರುವ ಇಲ್ಲಿನ ಹಿರಿಯರಿಗೂ ಈ ಹೆಸರು ಗೊತ್ತಿರಬೇಕಾದ್ದು.

ಮೆಂಫಿಸ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ

ಟೋಲರ್ ಹುಟ್ಟಿದ್ದು 1928ರ ಮೇ 9ರಂದು, ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ. ಅದು ಅಮೆರಿಕದ ದಕ್ಷಿಣ ಭಾಗ. ಆ ಕಾಲದಲ್ಲಿ ಅಲ್ಲಿ ಕರಿಯರಿಗೆ ಬೇರೆ ಶಾಲೆ, ಬೇರೆ ನಲ್ಲಿ, ರೈಲಿನಲ್ಲಿ ಬೇರೆ ಬೋಗಿ. ಇದೆಲ್ಲ ಬರೀ ರೂಢಿಯಾಗಿರಲಿಲ್ಲ, ಕಾನೂನೇ ಆಗಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊ, ಓಕ್ಲೆಂಡ್, ರಿಚ್ಮಂಡ್‌ಗಳ ಹಡಗು ಕಟ್ಟುವ ಕಾರ್ಖಾನೆಗಳಲ್ಲಿ ಕೈತುಂಬ ಕೆಲಸ ಸಿಗತೊಡಗಿತು. ದಕ್ಷಿಣದ ಸಾವಿರಾರು ಕರಿಯ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಪಶ್ಚಿಮ ಕರಾವಳಿಗೆ ಬಂದವು. ಯುದ್ಧ ಮುಗಿದ ಮೇಲೂ ಆ ವಲಸೆ ನಿಲ್ಲಲಿಲ್ಲ. ಟೋಲರ್ ಕೂಡ ಅದೇ ದಾರಿ ಹಿಡಿದು ಬಂದರು.

ಸೇರಿದ್ದು ಸ್ಯಾನ್ ಫ್ರಾನ್ಸಿಸ್ಕೊ ಸಿಟಿ ಕಾಲೇಜಿಗೆ. ಅದು ಎರಡು ವರ್ಷದ ಕೋರ್ಸ್‌ಗಳ ಸಾರ್ವಜನಿಕ ಕಾಲೇಜು. ಕಾಲೇಜಿನ ಮುಂದಿನ ರಸ್ತೆಗೂ ಆಗ ಫೆಲನ್ ಮನೆತನದ ಹೆಸರೇ ಇತ್ತು. ಅಲ್ಲಿ ಟೋಲರ್‌ಗೆ ಆಲಿ ಮ್ಯಾಟ್ಸನ್ ಎಂಬ ಇನ್ನೊಬ್ಬ ಕರಿಯ ಆಟಗಾರ ಜೊತೆಯಾದರು. ಚೆಂಡು ಹಿಡಿದು ಓಡತೊಡಗಿದರೆ ಮ್ಯಾಟ್ಸನ್ ಅವರನ್ನು ಹಿಡಿಯುವವರೇ ಇರಲಿಲ್ಲ. 1948ರಲ್ಲಿ ಇವರಿಬ್ಬರಿದ್ದ ಕಾಲೇಜು ತಂಡ ಆಡಿದ 12 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಮರುವರ್ಷ ಇಬ್ಬರೂ ಗುಡ್ಡದ ಮೇಲಿನ ಜೆಸ್ವಿಟ್ ವಿಶ್ವವಿದ್ಯಾಲಯಕ್ಕೆ ಹೋದರು.

ಇಲ್ಲಿ ಆಟದ ಬಗ್ಗೆ ಒಂದು ಮಾತು. ಇದು ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ಒಂದೊಂದು ಕಡೆ 11 ಜನ. ಚೆಂಡು ಹಿಡಿದ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು ಸಿಗುತ್ತವೆ, ಹೋಗದಿದ್ದರೆ ಚೆಂಡು ಎದುರಾಳಿಯ ಪಾಲು. ಮೈಮೇಲೆ ಬಿದ್ದು ತಡೆಯುವುದೇ ಆಟ, ಹಾಗಾಗಿ ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪನೆಯ ಪ್ಯಾಡ್. ಕಬಡ್ಡಿ ನೋಡಿ ಬೆಳೆದವರಿಗೆ ಇದರ ಜೀವಾಳ ಬೇಗ ಅರ್ಥವಾಗುತ್ತದೆ. ನೆಲದ ಮೇಲಿನ ಗೆರೆ ಯಾರದು, ಅದನ್ನು ಯಾರು ಯಾವಾಗ ದಾಟಿದರು ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಟೋಲರ್ ಲೈನ್‌ಬ್ಯಾಕರ್. ಎದುರಾಳಿ ಗೆರೆ ದಾಟಿ ನುಗ್ಗಿ ಬಂದರೆ ಹಿಂದೆ ನಿಂತು ಕೆಡವಬೇಕಾದ ಜಾಗ ಅದು.

ಸೋಲರಿಯದ ವರ್ಷ

1951ರ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ತಂಡವನ್ನು ಇಂದಿಗೂ ಅಲ್ಲಿನ ಹಿರಿಯರು ನೆನೆಯುತ್ತಾರೆ. ಕೋಚ್ ಜೋ ಕುಹಾರಿಚ್ ಬಲು ಬಿಗಿಯ ಮನುಷ್ಯ. ತಂಡದಲ್ಲಿದ್ದ ಜೀನೊ ಮಾರ್ಕೆಟಿ ಯುರೋಪಿನ ಯುದ್ಧಭೂಮಿಯಲ್ಲಿ ಹೋರಾಡಿ ಬಂದ ಮಾಜಿ ಸೈನಿಕ. ಆಜಾನುಬಾಹು ಬಾಬ್ ಸೇಂಟ್ ಕ್ಲೇರ್ ಮುಂದೆ ಡೇಲಿ ಸಿಟಿಯ ಮೇಯರ್ ಕೂಡ ಆದವರು. ಇವರಿಬ್ಬರ ಜೊತೆ ಮ್ಯಾಟ್ಸನ್. ಈ ಮೂವರೂ ಮುಂದೆ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದರು. ಆ ವರ್ಷದ ತಂಡದ ಒಂಬತ್ತು ಜನರನ್ನು ವೃತ್ತಿಪರ ಕ್ಲಬ್‌ಗಳು ಆಯ್ಕೆ ಮಾಡಿಕೊಂಡವು. ತಂಡದ ಸುದ್ದಿಯನ್ನು ಪತ್ರಿಕೆಗಳಿಗೆ ತಲುಪಿಸುತ್ತಿದ್ದ ಕಚೇರಿಯ ಹುಡುಗ ಪೀಟ್ ರೋಜೆಲ್ ಕೂಡ ಸಾಮಾನ್ಯನಲ್ಲ. 1960ರಲ್ಲಿ ಆತ ಇಡೀ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನ, ಅಂದರೆ ಎನ್‌ಎಫ್‌ಎಲ್‌ನ, ಕಮಿಷನರ್ ಆದರು.

ತಂಡ ತವರಿನಲ್ಲಿ ಆಡುತ್ತಿದ್ದುದು ಗೋಲ್ಡನ್ ಗೇಟ್ ಪಾರ್ಕಿನ ಮೂಲೆಯ ಕೀಜರ್ ಸ್ಟೇಡಿಯಂನಲ್ಲಿ. ಆ ವರ್ಷ ಒಂಬತ್ತು ಪಂದ್ಯ, ಒಂಬತ್ತೂ ಗೆಲುವು. ಇಂದು ನಮ್ಮವರ ಮನೆಗಳು ತುಂಬಿರುವ ಸ್ಯಾನ್ ಹೋಸೆ, ಸಾಂಟಾ ಕ್ಲಾರಾ ಊರುಗಳ ಕಾಲೇಜು ತಂಡಗಳೂ ಸೋತವರ ಪಟ್ಟಿಯಲ್ಲಿದ್ದವು. ನ್ಯೂಯಾರ್ಕ್‌ಗೆ ಹೋಗಿ ಫೋರ್ಡಂ ವಿಶ್ವವಿದ್ಯಾಲಯವನ್ನು 32–26ರಿಂದ ಮಣಿಸಿದರು. ಸ್ಟಾಕ್ಟನ್‌ನಲ್ಲಿ ಕಾಲೇಜ್ ಆಫ್ ದ ಪೆಸಿಫಿಕ್ ತಂಡವನ್ನು 47–14ರಿಂದ ಬಗ್ಗುಬಡಿದರು. ನವೆಂಬರ್ ಕೊನೆಯಲ್ಲಿ ಪಾಸಡೀನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ ಲಾಸ್ ಏಂಜಲೀಸ್‌ನ ಲೊಯೋಲಾ ವಿಶ್ವವಿದ್ಯಾಲಯವನ್ನು 20–2ರಿಂದ ಸೋಲಿಸಿ ಋತು ಮುಗಿಸಿದರು. ಓಟದ ಲೆಕ್ಕದಲ್ಲಿ ಆ ವರ್ಷ ಇಡೀ ದೇಶಕ್ಕೆ ಮ್ಯಾಟ್ಸನ್ ಮೊದಲಿಗರು.

ಪಂಕ್ತಿಯಿಂದ ಎದ್ದವರು

ಕಾಲೇಜು ಫುಟ್‌ಬಾಲ್‌ನಲ್ಲಿ ಋತು ಮುಗಿದ ಮೇಲೆ, ಹೊಸ ವರ್ಷದ ಸುಮಾರಿಗೆ, ಬೌಲ್ ಪಂದ್ಯಗಳು ನಡೆಯುತ್ತವೆ. ಇವಕ್ಕೆ ಆಹ್ವಾನ ಬಂದರೆ ಮಾತ್ರ ಆಡಬಹುದು. ಆಹ್ವಾನ ಬಂತೆಂದರೆ ಹೆಸರೂ ಬಂತು, ಹಣವೂ ಬಂತು. ಆಗ ದೊಡ್ಡ ಬೌಲ್‌ಗಳಲ್ಲಿ ಹೆಚ್ಚಿನವು ದಕ್ಷಿಣದ ಬೆಚ್ಚಗಿನ ಊರುಗಳಲ್ಲಿದ್ದವು. ಮಯಾಮಿಯಲ್ಲಿ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸ್‌ನಲ್ಲಿ ಶುಗರ್ ಬೌಲ್, ಜಾಕ್ಸನ್‌ವಿಲ್‌ನಲ್ಲಿ ಗೇಟರ್ ಬೌಲ್.

ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯಕ್ಕೆ ಈ ಆಹ್ವಾನ ಬರೀ ಪ್ರತಿಷ್ಠೆಯ ಮಾತಾಗಿರಲಿಲ್ಲ. ಫುಟ್‌ಬಾಲ್ ತಂಡ ನಡೆಸುವುದು ಸಣ್ಣ ಸಂಸ್ಥೆಗೆ ಭಾರಿ ಖರ್ಚಿನ ಬಾಬತ್ತು. ವರ್ಷದಿಂದ ವರ್ಷಕ್ಕೆ ನಷ್ಟ ಬೆಳೆಯುತ್ತಿತ್ತು. ಒಂದು ಬೌಲ್ ಪಂದ್ಯ ಸಿಕ್ಕರೆ ತಂಡ ಉಳಿಯಬಹುದಿತ್ತು, ಸಿಗದಿದ್ದರೆ ಬಾಗಿಲು ಮುಚ್ಚಬೇಕಿತ್ತು. ಇದು ಆಟಗಾರರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ತಂಡದವರು ಜೀವನದುದ್ದಕ್ಕೂ ಹೇಳಿಕೊಂಡು ಬಂದಂತೆ, ದಕ್ಷಿಣದಿಂದ ಬಂದ ಸಂದೇಶದಲ್ಲಿ ಒಂದು ಷರತ್ತು ಇತ್ತು. ತಂಡ ಬರಬಹುದು, ಆದರೆ ಇಬ್ಬರನ್ನು ಮನೆಯಲ್ಲೇ ಬಿಟ್ಟು ಬರಬೇಕು. ಆ ಇಬ್ಬರು ಮ್ಯಾಟ್ಸನ್ ಮತ್ತು ಟೋಲರ್. ತಂಡದಲ್ಲಿದ್ದ ಕರಿಯ ಆಟಗಾರರು ಅವರಿಬ್ಬರೇ.

ನಮ್ಮ ಕಡೆ ಪಂಕ್ತಿಭೇದ ಎಂಬ ಮಾತಿದೆ. ಒಂದೇ ಮನೆಯ ಊಟಕ್ಕೆ ಕರೆದು, ಕೆಲವರಿಗೆ ಒಳಗೆ ಎಲೆ ಹಾಕಿ, ಕೆಲವರನ್ನು ಹೊರಗೆ ಕೂರಿಸುವ ಆ ಅವಮಾನ ಏನೆಂದು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಸಂದರ್ಭಗಳಲ್ಲಿ ಒಳಗೆ ಕುಳಿತವರು ಸಾಮಾನ್ಯವಾಗಿ ತಲೆ ತಗ್ಗಿಸಿ ಉಂಡು ಏಳುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದ ಹುಡುಗರು ಹಾಗೆ ಮಾಡಲಿಲ್ಲ. ಹೆಚ್ಚಿನವರು ದುಡಿಯುವ ಮನೆತನಗಳ ಮಕ್ಕಳು. ಕಾಲೇಜು ದಿನಗಳ ಅತಿ ದೊಡ್ಡ ಪಂದ್ಯ ಕೈಗೆ ಬಂದು ನಿಂತಿತ್ತು. ಕೋಚ್ ವಿಷಯ ಮುಂದಿಟ್ಟಾಗ ಇಡೀ ತಂಡ ಒಂದೇ ದನಿಯಲ್ಲಿ ಬೇಡ ಎಂದಿತು. ಇಬ್ಬರಿಲ್ಲದ ಪಂಕ್ತಿಯಲ್ಲಿ ಯಾರೂ ಕೂರಲಿಲ್ಲ.

ಇದರ ಬೆಲೆ ತೆರಬೇಕಾಗಿ ಬಂತು. 1952ರ ಹೊಸ ವರ್ಷದ ದಿನ ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾ ಟೆಕ್ ಮತ್ತು ಬೇಲರ್ ತಂಡಗಳು ಆಡಿದವು. 33 ಅಂಕಗಳ ಅಂತರದಿಂದ ಇವರಿಗೆ ಸೋತಿದ್ದ ಕಾಲೇಜ್ ಆಫ್ ದ ಪೆಸಿಫಿಕ್‌ಗೆ ಟೆಕ್ಸಾಸ್‌ನ ಸನ್ ಬೌಲ್‌ನಿಂದ ಆಹ್ವಾನ ಬಂತು. ಗೆದ್ದವರು ಮನೆಯಲ್ಲಿ ಉಳಿದರು. ಅದಾದ ಸ್ವಲ್ಪ ದಿನಕ್ಕೆ ವಿಶ್ವವಿದ್ಯಾಲಯ ಹಣದ ಕಾರಣ ನೀಡಿ ಫುಟ್‌ಬಾಲ್ ತಂಡವನ್ನೇ ಕೈಬಿಟ್ಟಿತು. ಕುಹಾರಿಚ್ ಶಿಕಾಗೊ ಕಾರ್ಡಿನಲ್ಸ್ ತಂಡದ ಕೋಚ್ ಆಗಿ ಹೋದರು. ಒಂದೂ ಪಂದ್ಯ ಸೋಲದ ತಂಡ ಹೀಗೆ ಚದುರಿಹೋಯಿತು.

ಈ ಕಥೆಯನ್ನು ಹೇಳುವಾಗ ಬಿಳಿಯ ಆಟಗಾರರ ದೊಡ್ಡತನವನ್ನೇ ಹೇಳಿ ನಿಲ್ಲಿಸುವುದುಂಟು. ಅದು ದೊಡ್ಡತನವೇ, ಸಂಶಯವಿಲ್ಲ. ಆದರೆ ಆ ಇಬ್ಬರ ಜಾಗದಲ್ಲಿ ನಿಂತೂ ನೋಡಬೇಕು. ತಮ್ಮ ಚರ್ಮದ ಬಣ್ಣದ ಕಾರಣಕ್ಕೆ ಗೆಳೆಯರೆಲ್ಲರ ಅವಕಾಶ ಹೋಯಿತು ಎಂಬ ಭಾರ ಅವರ ಹೆಗಲ ಮೇಲಿತ್ತು. ತಪ್ಪು ಅವರದಲ್ಲ, ಆದರೂ ಲೆಕ್ಕ ಅವರ ಹೆಸರಿನಲ್ಲಿ. ಅದನ್ನು ಕಹಿಯಾಗಿಸಿಕೊಳ್ಳದೆ ಹೊತ್ತು ನಡೆದದ್ದು ಟೋಲರ್ ಬದುಕಿನ ವಿಶೇಷ.

ಮುರಿದ ಆಟ, ಹಿಡಿದ ಸೀಮೆಸುಣ್ಣ

ಮ್ಯಾಟ್ಸನ್ 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗಿ 400 ಮೀಟರ್ ಓಟದಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ತಂದರು. ನಮ್ಮ ಕುಸ್ತಿಪಟು ಕೆ.ಡಿ. ಜಾಧವ್ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದದ್ದೂ ಅದೇ ಹೆಲ್ಸಿಂಕಿಯಿಂದ. ಆಮೇಲೆ ಮ್ಯಾಟ್ಸನ್ ವೃತ್ತಿಪರ ಫುಟ್‌ಬಾಲ್‌ನಲ್ಲಿ ಬಹುಕಾಲ ಮೆರೆದರು.

ಟೋಲರ್‌ಗೂ ಅದೇ ದಾರಿ ತೆರೆದಿತ್ತು. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಅವರನ್ನು ಆಯ್ಕೆ ಮಾಡಿಕೊಂಡಿತ್ತು. 1952ರ ಆಗಸ್ಟ್‌ನಲ್ಲಿ ಶಿಕಾಗೊದಲ್ಲಿ ಕಾಲೇಜು ಆಟಗಾರರ ಆಯ್ದ ತಂಡಕ್ಕೂ ಹಿಂದಿನ ವರ್ಷದ ಚಾಂಪಿಯನ್ ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೂ ಪ್ರದರ್ಶನ ಪಂದ್ಯ ನಡೆಯಿತು. ಅದರಲ್ಲಿ ಟೋಲರ್ ಮೊಣಕಾಲಿಗೆ ಬಲವಾದ ಪೆಟ್ಟು ಬಿತ್ತು. ಇಂದಿನ ಶಸ್ತ್ರಚಿಕಿತ್ಸೆಗಳು ಆಗ ಇರಲಿಲ್ಲ. ವೃತ್ತಿಪರ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡದೆ, 24ನೇ ವಯಸ್ಸಿಗೆ ಅವರ ಆಟ ಮುಗಿಯಿತು.

ಅಷ್ಟು ಹೊತ್ತಿಗೆ ಪದವಿ ಕೈಯಲ್ಲಿತ್ತು. ಸ್ಯಾನ್ ಫ್ರಾನ್ಸಿಸ್ಕೊಗೆ ಮರಳಿ ಬಂದು ಟೋಲರ್ ಮೇಷ್ಟ್ರಾದರು. ಸಾರ್ವಜನಿಕ ಶಾಲೆಯಲ್ಲಿ ಪಾಠ ಹೇಳುತ್ತಲೇ ಓದು ಮುಂದುವರಿಸಿ, ತಮ್ಮದೇ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಅವರ ಶಾಲೆ ನಗರದ ವೆಸ್ಟರ್ನ್ ಅಡಿಷನ್ ಬಡಾವಣೆಯ ಬೆಂಜಮಿನ್ ಫ್ರಾಂಕ್ಲಿನ್ ಶಾಲೆ. ನಮ್ಮ ಲೆಕ್ಕದಲ್ಲಿ ಹಿರಿಯ ಪ್ರಾಥಮಿಕದ ಕೊನೆಯ ತರಗತಿಗಳ ಮಕ್ಕಳು ಓದುವಂಥದ್ದು. 12, 13 ವರ್ಷದ ಮಕ್ಕಳನ್ನು ಸಂಭಾಳಿಸುವುದು ಎಷ್ಟು ಕಷ್ಟ ಎಂಬುದನ್ನು ಯಾವ ದೇಶದ ಮೇಷ್ಟ್ರನ್ನು ಕೇಳಿದರೂ ಹೇಳುತ್ತಾರೆ. ಅಲ್ಲೇ 17 ವರ್ಷ ದುಡಿದು ಟೋಲರ್ ಪ್ರಾಂಶುಪಾಲರಾದರು. ಸ್ಯಾನ್ ಫ್ರಾನ್ಸಿಸ್ಕೊದ ಮಾಧ್ಯಮಿಕ ಹಂತದ ಶಾಲೆಯೊಂದಕ್ಕೆ ಕರಿಯ ವ್ಯಕ್ತಿಯೊಬ್ಬರು ಪ್ರಾಂಶುಪಾಲರಾದದ್ದು ಅದೇ ಮೊದಲು.

ಆ ಬಡಾವಣೆಯ ಕಥೆಯನ್ನೂ ತಿಳಿಯಬೇಕು. ಯುದ್ಧಕ್ಕೆ ಮುಂಚೆ ಅಲ್ಲಿ ಜಪಾನಿ ಕುಟುಂಬಗಳು ಬಹಳವಿದ್ದವು. 1942ರಲ್ಲಿ ಸರ್ಕಾರ ಅವರನ್ನೆಲ್ಲ ಎತ್ತಿ ಶಿಬಿರಗಳಲ್ಲಿ ಕೂಡಿಹಾಕಿತು. ಖಾಲಿಯಾದ ಮನೆಗಳಿಗೆ ದಕ್ಷಿಣದಿಂದ ಬಂದ ಕರಿಯ ಕಾರ್ಮಿಕರು ಬಂದು ಸೇರಿದರು. ಅವರು ಅಲ್ಲಿ ಅಂಗಡಿ, ಚರ್ಚು, ಜಾಜ್ ಸಂಗೀತದ ಕ್ಲಬ್‌ಗಳನ್ನು ಕಟ್ಟಿಕೊಂಡು ನೆಲೆಯಾಗುತ್ತಿದ್ದಂತೆಯೇ ನಗರಾಭಿವೃದ್ಧಿಯ ಹೆಸರಿನಲ್ಲಿ ಬುಲ್ಡೋಜರ್‌ಗಳು ಬಂದವು. ಐವತ್ತರ ದಶಕದಿಂದ ಎಪ್ಪತ್ತರ ದಶಕದವರೆಗೆ ಬೀದಿ ಬೀದಿಗಳನ್ನೇ ಕೆಡವಿದರು. ಗೀರಿ ರಸ್ತೆಯನ್ನು ಹೆದ್ದಾರಿಯಂತೆ ಅಗಲ ಮಾಡಿದರು. ಸಾವಿರಾರು ಕುಟುಂಬಗಳು ಒಕ್ಕಲೆದ್ದವು. ಬೆಂಜಮಿನ್ ಫ್ರಾಂಕ್ಲಿನ್ ಶಾಲೆ ಇದ್ದದ್ದು ಅದೇ ಗೀರಿ ರಸ್ತೆಯ ಬದಿಯಲ್ಲಿ. ಸುತ್ತಲಿನ ಮನೆಗಳು ಉರುಳುತ್ತಿದ್ದಾಗ ಶಾಲೆಯೊಂದು ನಿಂತಿತ್ತು. ಅಂಥ ಮಕ್ಕಳ ಶಾಲೆಯಲ್ಲಿ ತಮ್ಮಂತೆಯೇ ಕಾಣುವ ಒಬ್ಬರು ಮೇಷ್ಟ್ರ ಕುರ್ಚಿಯಲ್ಲಿ ಕುಳಿತದ್ದು ಏನನ್ನು ಕೊಟ್ಟಿರಬಹುದು ಎಂಬುದನ್ನು ಯಾವ ಅಂಕಪಟ್ಟಿಯೂ ಹೇಳಲಾರದು.

ಭಾನುವಾರದ ತೀರ್ಪುಗಾರ

ಮೊಣಕಾಲು ಹೋದರೂ ಟೋಲರ್‌ಗೆ ಮೈದಾನದ ನಂಟು ಬಿಡಲಿಲ್ಲ. ಶಾಲೆಯ ಕೆಲಸದ ನಡುವೆ ಪಂದ್ಯಗಳ ತೀರ್ಪುಗಾರಿಕೆ ಕಲಿತರು. ಕೆಳಗಿನ ಹಂತಗಳಲ್ಲಿ ಪಳಗಿ, 1965ರಲ್ಲಿ ಎನ್‌ಎಫ್‌ಎಲ್‌ನ ಅಧಿಕೃತ ತೀರ್ಪುಗಾರರ ಪಟ್ಟಿ ಸೇರಿದರು. ಅಮೆರಿಕದ ಯಾವುದೇ ಪ್ರಮುಖ ವೃತ್ತಿಪರ ಲೀಗ್‌ನಲ್ಲಿ ಮೈದಾನಕ್ಕಿಳಿದ ಮೊದಲ ಕರಿಯ ತೀರ್ಪುಗಾರ ಅವರು. ಮೇಜರ್ ಲೀಗ್ ಬೇಸ್‌ಬಾಲ್‌ಗೆ ಮೊದಲ ಕರಿಯ ಅಂಪೈರ್ ಎಮ್ಮೆಟ್ ಆಶ್‌ಫರ್ಡ್ ಬಂದದ್ದು ಅದರ ಮರುವರ್ಷ.

ಅಲ್ಲಿನ ಫುಟ್‌ಬಾಲ್ ತೀರ್ಪುಗಾರರಿಗೆ ಅದೇ ಪೂರ್ಣಾವಧಿ ಕೆಲಸವಾಗಿರಲಿಲ್ಲ. ವಾರವಿಡೀ ಒಬ್ಬೊಬ್ಬರಿಗೆ ಒಂದೊಂದು ಉದ್ಯೋಗ. ಶನಿವಾರ ವಿಮಾನ ಹತ್ತಿ ಪಂದ್ಯವಿರುವ ಊರಿಗೆ ಹೋಗಿ, ಭಾನುವಾರ ಮೈದಾನದಲ್ಲಿ ನಿಂತು, ಸೋಮವಾರ ಮತ್ತೆ ಮಾಮೂಲಿ ಕೆಲಸಕ್ಕೆ. ಟೋಲರ್ ಬದುಕೂ ಹಾಗೆಯೇ ನಡೆಯಿತು.

ಅವರು ಮುಖ್ಯವಾಗಿ ನಿಂತದ್ದು ಹೆಡ್ ಲೈನ್ಸ್‌ಮನ್ ಆಗಿ. ಆಟ ಶುರುವಾಗುವ ಗೆರೆಯ ಒಂದು ತುದಿಯಲ್ಲಿ, ಮೈದಾನದ ಅಂಚಿನಲ್ಲಿ ಈ ತೀರ್ಪುಗಾರ ನಿಲ್ಲುತ್ತಾನೆ. ಚೆಂಡು ಕದಲುವ ಮುಂಚೆ ಯಾರಾದರೂ ಗೆರೆ ದಾಟಿದರೇ, ಓಡಿದವನು ಬಿದ್ದದ್ದು ಸರಿಯಾಗಿ ಎಲ್ಲಿ, 10 ಗಜ ಪೂರ್ತಿಯಾಯಿತೇ ಎಂದು ನೋಡುವುದು ಆತನ ಕೆಲಸ. ಕೋಲಿಗೆ ಕಟ್ಟಿದ 10 ಗಜದ ಸರಪಳಿ ಹಿಡಿದು ಅಳೆಯುವವರೂ ಆತನ ಸುಪರ್ದಿಯಲ್ಲೇ ಇರುತ್ತಾರೆ. ನಾಲ್ಕು ಬೆರಳಿನ ಅಂತರದಲ್ಲಿ ಪಂದ್ಯ ತಿರುಗಿಬಿಡಬಹುದು. ಬೆನ್ನ ಹಿಂದೆಯೇ ಕೋಚ್‌ಗಳು, ಬದಲಿ ಆಟಗಾರರು. ತೀರ್ಪು ತಮಗೆ ವಿರುದ್ಧವಾದರೆ ಅವರ ಬೈಗುಳವೆಲ್ಲ ಕಿವಿಗೇ ಬೀಳುತ್ತದೆ. ಟಿ.ವಿ. ಮರುಪ್ರಸಾರ ನೋಡಿ ತೀರ್ಪು ಬದಲಿಸುವ ವ್ಯವಸ್ಥೆ ಅವರ ವೃತ್ತಿಯ ಹೆಚ್ಚಿನ ಕಾಲ ಇರಲಿಲ್ಲ. ಕಣ್ಣು ಕಂಡದ್ದೇ ಕೊನೆ.

1965 ಎಂದರೆ ಎಂಥ ಕಾಲ ಎಂಬುದನ್ನೂ ನೆನೆಯಬೇಕು. ಬಣ್ಣದ ಆಧಾರದ ಭೇದವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯ್ದೆ ಬಂದು ಒಂದು ವರ್ಷವಾಗಿತ್ತಷ್ಟೆ. ಸಾವಿರಾರು ಬಿಳಿಯ ಪ್ರೇಕ್ಷಕರ ನಡುವೆ ಒಬ್ಬ ಕರಿಯ ತೀರ್ಪುಗಾರ ಹಳದಿ ಬಾವುಟ ಎಸೆದು, ಬಿಳಿಯ ಆಟಗಾರನಿಗೆ ನೀನು ಗೆರೆ ದಾಟಿದೆ ಎಂದು ಹೇಳಬೇಕಿತ್ತು. ಅದು ಬರೀ ಆಟದ ನಿಯಮ ತಿಳಿದಿದ್ದರೆ ಆಗುವ ಕೆಲಸವಲ್ಲ. ಒಂದು ತಪ್ಪು ತೀರ್ಪು ಕೊಟ್ಟರೆ ಬಿಳಿಯ ತೀರ್ಪುಗಾರನಿಗೆ ಅದು ಅವನೊಬ್ಬನ ತಪ್ಪು. ಮೊದಲಿಗನಾಗಿ ಬಂದ ಕರಿಯನಿಗೆ ಅದು ಅವನ ಹಿಂದೆ ಬರಬೇಕಾದವರೆಲ್ಲರ ಬಾಗಿಲು. ಟೋಲರ್ ಆ ಜಾಗದಲ್ಲಿ 25 ಸೀಸನ್ ನಿಂತರು.

1980ರ ಜನವರಿ 20ರಂದು ಅವರು ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಇಳಿದರು. ಅಲ್ಲಿಯವರೆಗೆ ಯಾವ ಕರಿಯ ತೀರ್ಪುಗಾರನಿಗೂ ಆ ಗೌರವ ಸಿಕ್ಕಿರಲಿಲ್ಲ. ಪಂದ್ಯ ನಡೆದದ್ದು ಪಾಸಡೀನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ. 1951ರಲ್ಲಿ ಆ ಸೋಲರಿಯದ ತಂಡದ ಕೊನೆಯ ಪಂದ್ಯ ಆಡಿದ್ದೂ ಅದೇ ನೆಲದಲ್ಲಿ. ಆಡಿದ ತಂಡಗಳಲ್ಲಿ ಒಂದು ಲಾಸ್ ಏಂಜಲೀಸ್ ರ‍್ಯಾಮ್ಸ್. ಮೊಣಕಾಲು ಹೋದ ದಿನ ಎದುರಿಗಿದ್ದದ್ದೂ ಅದೇ ತಂಡ. ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಪಿಟ್ಸ್‌ಬರ್ಗ್ ಸ್ಟೀಲರ್ಸ್ 31–19ರಿಂದ ಗೆದ್ದಿತು. ಷರತ್ತಿನ ಆಹ್ವಾನ ಒಪ್ಪದೆ ಬೌಲ್ ಪಂದ್ಯ ಕಳೆದುಕೊಂಡ ಹುಡುಗ, 28 ವರ್ಷಗಳ ಮೇಲೆ, ದೇಶದ ಅತಿ ದೊಡ್ಡ ಬೌಲ್‌ನ ಗೆರೆಯನ್ನು ತಾನೇ ಕಾಯುತ್ತಿದ್ದರು.

ಎಲ್ಲವೂ ಸಿಕ್ಕಿತೆಂದಲ್ಲ. ತೀರ್ಪುಗಾರರ ತಂಡಕ್ಕೆ ಯಜಮಾನನಾದ ಮುಖ್ಯ ರೆಫ್ರಿಯ ಸ್ಥಾನ ಟೋಲರ್‌ಗೆ ಬರಲಿಲ್ಲ. ಎನ್‌ಎಫ್‌ಎಲ್‌ನಲ್ಲಿ ಮೊದಲ ಸಲ ಕರಿಯರೊಬ್ಬರು, ಜಾನಿ ಗ್ರೀರ್, ಆ ಸ್ಥಾನಕ್ಕೇರಿದ್ದು 1988ರಲ್ಲಿ. ಟೋಲರ್ 1989ರ ಋತುವಿನೊಂದಿಗೆ ನಿವೃತ್ತರಾದರು. ಬಾಗಿಲು ತೆರೆದವರು ಎಲ್ಲ ಕೋಣೆಗಳಿಗೂ ತಾವೇ ಹೋಗಿ ಕೂರುವುದಿಲ್ಲ.

ನಮ್ಮ ಬಾಗಿಲೂ ತೆರೆದ ವರ್ಷ

1965ಕ್ಕೂ ನಮಗೂ ಇನ್ನೊಂದು ನಂಟಿದೆ. ಫೆಲನ್ ಸೆನೆಟರ್ ಆಗಿದ್ದ ಕಾಲದಲ್ಲೇ, 1917ರಲ್ಲಿ, ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದಿಂದ ವಲಸೆ ಬರುವುದನ್ನು ನಿಷೇಧಿಸುವ ಕಾಯ್ದೆ ಬಂದಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂದ್ ಎಂಬ ಪಂಜಾಬಿಯ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪು ಕೊಟ್ಟಿತು. ಆಮೇಲೆ ಹಲವರ ಪೌರತ್ವವನ್ನು ಕಿತ್ತುಕೊಂಡರು. 1946ರಲ್ಲಿ ಪೌರತ್ವದ ಹಕ್ಕು ಬಂದರೂ ಭಾರತದಿಂದ ವರ್ಷಕ್ಕೆ 100 ಜನರಿಗೆ ಮಾತ್ರ ಪ್ರವೇಶ.

ದೇಶ ನೋಡಿ ಮಣೆ ಹಾಕುವ ಈ ಪದ್ಧತಿಯನ್ನು ತೆಗೆದುಹಾಕಿದ ವಲಸೆ ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ್ದು 1965ರ ಅಕ್ಟೋಬರ್ 3ರಂದು. ಟೋಲರ್ ಎನ್‌ಎಫ್‌ಎಲ್ ಮೈದಾನಕ್ಕೆ ಮೊದಲು ಇಳಿದ ಋತು ಆಗ ನಡೆಯುತ್ತಿತ್ತು. ಕರಿಯರು ಬೀದಿಗಿಳಿದು ನಡೆಸಿದ ನಾಗರಿಕ ಹಕ್ಕುಗಳ ಹೋರಾಟದ ಗಾಳಿಯೇ ಈ ಕಾಯ್ದೆಯ ಹಿಂದೆಯೂ ಇತ್ತು. ಕನ್ನಡದ ವೈದ್ಯರು, ಎಂಜಿನಿಯರ್‌ಗಳು ಅಲ್ಲಿಂದಾಚೆಗೆ ಅಮೆರಿಕಕ್ಕೆ ಹೋದರು. ಅವರ ಹಿಂದೆ ಸಾಫ್ಟ್‌ವೇರ್ ತಲೆಮಾರು ಹೋಯಿತು. ಸನಿವೇಲ್, ಫ್ರೀಮಾಂಟ್, ಸ್ಯಾನ್ ಹೋಸೆಗಳಲ್ಲಿ ಇಂದು ರಾಜ್ಯೋತ್ಸವ ನಡೆಯುತ್ತದೆಂದರೆ ಅದರ ಹಿಂದೆ ನಮ್ಮವರ ಓದು, ದುಡಿಮೆಗಳಷ್ಟೇ ಇಲ್ಲ. ಬೇರೆಯವರು ಪೆಟ್ಟು ತಿಂದು ತೆರೆಸಿದ ಬಾಗಿಲೂ ಇದೆ. ವೀಸಾ ನವೀಕರಣಕ್ಕೆ, ಗ್ರೀನ್ ಕಾರ್ಡ್‌ಗೆ ವರ್ಷಗಟ್ಟಲೆ ಕಾಯುತ್ತಿರುವ ಮನೆಗಳಲ್ಲಿ ಈ ಮಾತು ಬೇಗ ಮನಸ್ಸಿಗೆ ಹತ್ತುತ್ತದೆ.

ಕೊನೆಯ ವರ್ಷಗಳು

ಟೋಲರ್ ಶಾಲೆ, ಮೈದಾನ ಎರಡರ ಆಚೆಗೂ ಊರಿನ ಕೆಲಸಕ್ಕೆ ಹೆಗಲು ಕೊಟ್ಟರು. ಸ್ಯಾನ್ ಫ್ರಾನ್ಸಿಸ್ಕೊ ಪೊಲೀಸ್ ಆಯೋಗದ ಸದಸ್ಯರಾಗಿದ್ದರು. ತಾವು ಓದಿದ ವಿಶ್ವವಿದ್ಯಾಲಯದ ಟ್ರಸ್ಟಿಯೂ ಆದರು. ಆರು ಮಕ್ಕಳ ತಂದೆ. ಒಬ್ಬ ಮಗ, ಮುಂದೆ ಮೊಮ್ಮಗ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಆಡಿದರು. ಅಜ್ಜನಿಗೆ ಸಿಗದ ವೃತ್ತಿಪರ ಮೈದಾನವನ್ನು ಮೊಮ್ಮಗ ಕಂಡರು.

1951ರ ತಂಡಕ್ಕೆ ಮನ್ನಣೆ ಬಂದದ್ದು ತಡವಾಗಿ. 2006ರಲ್ಲಿ ವಿಶ್ವವಿದ್ಯಾಲಯ ಆ ತಂಡದವರಿಗೆ ಗೌರವ ಡಾಕ್ಟರೇಟ್ ನೀಡಿತು. ಅಷ್ಟು ಹೊತ್ತಿಗೆ ಹಲವರು ತೀರಿಕೊಂಡಿದ್ದರು, ಉಳಿದವರ ತಲೆ ನೆರೆತಿತ್ತು. ಅದೇ ವರ್ಷ ಬೆಂಜಮಿನ್ ಫ್ರಾಂಕ್ಲಿನ್ ಶಾಲೆಯ ಆವರಣಕ್ಕೆ ಅಲ್ಲಿನ ಹಳೆಯ ಪ್ರಾಂಶುಪಾಲರ ಹೆಸರಿಟ್ಟರು. ಬದುಕಿದ್ದಾಗಲೇ ತಾವು ದುಡಿದ ಶಾಲೆಯ ಗೋಡೆಯ ಮೇಲೆ ತಮ್ಮ ಹೆಸರು ನೋಡುವ ಭಾಗ್ಯ ಎಷ್ಟು ಮೇಷ್ಟ್ರುಗಳಿಗೆ ಸಿಕ್ಕೀತು?

2009ರ ಆಗಸ್ಟ್ 16ರಂದು, 81ನೇ ವಯಸ್ಸಿನಲ್ಲಿ, ಓಕ್ಲೆಂಡ್ ಬಳಿಯ ಕ್ಯಾಸ್ಟ್ರೊ ವ್ಯಾಲಿಯಲ್ಲಿ ಟೋಲರ್ ತೀರಿಕೊಂಡರು. ಗೆಳೆಯ ಮ್ಯಾಟ್ಸನ್ 2011ರಲ್ಲಿ ಹೋದರು. ಆಮೇಲೆ ಸೇಂಟ್ ಕ್ಲೇರ್, 2019ರಲ್ಲಿ ಮಾರ್ಕೆಟಿ. ಟೋಲರ್ ಕಾಲವಾಗಿ ಎಂಟು ವರ್ಷಕ್ಕೆ ಗುಡ್ಡದ ಮೇಲಿನ ವಿದ್ಯಾರ್ಥಿ ನಿಲಯದ ಹೆಸರು ಬದಲಾಯಿತು. ಅದರ ಮರುವರ್ಷ ಸಿಟಿ ಕಾಲೇಜಿನ ಮುಂದಿನ ಫೆಲನ್ ರಸ್ತೆಗೂ ಮೆಕ್ಸಿಕೊದ ಕಲಾವಿದೆ ಫ್ರಿಡಾ ಕಾಲೊ ಹೆಸರು ಬಂತು. ಟೋಲರ್ ಓದಿದ ಎರಡೂ ಕಡೆಗಳಿಂದ ಆ ಹಳೆಯ ಹೆಸರು ಹೊರಟುಹೋಯಿತು.

ಬೇ ಏರಿಯಾಕ್ಕೆ ಹೋದವರು ಗೋಲ್ಡನ್ ಗೇಟ್ ಸೇತುವೆ ನೋಡದೆ ಬರುವುದಿಲ್ಲ. ಅದೇ ದಿನ ಒಂದೆರಡು ಗಂಟೆ ಮಿಗಿಸಿಕೊಂಡರೆ ಈ ಜಾಗಗಳನ್ನೂ ನೋಡಬಹುದು. ಕೀಜರ್ ಸ್ಟೇಡಿಯಂ ಈಗ ಮೊದಲಿನಷ್ಟು ದೊಡ್ಡದಿಲ್ಲ. ಅದರ ಓಟದ ಪಥದಲ್ಲಿ ಊರಿನ ಜನ ವಾಕಿಂಗ್ ಮಾಡುತ್ತಾರೆ. ಅಲ್ಲಿಂದ ಗುಡ್ಡದ ಮೇಲಿನ ಟೋಲರ್ ಹಾಲ್‌ಗೆ ನಡೆದೇ ಹೋಗಬಹುದು. ಇನ್ನೂ ಸ್ವಲ್ಪ ಮುಂದೆ, ಗೀರಿ ಮತ್ತು ಸ್ಕಾಟ್ ರಸ್ತೆಗಳ ಹತ್ತಿರ, ಶಾಲೆಯ ಕಟ್ಟಡವಿದೆ. ವಿಶ್ವವಿದ್ಯಾಲಯಕ್ಕೆ ಈಗಲೂ ಫುಟ್‌ಬಾಲ್ ತಂಡವಿಲ್ಲ. ಇರುವುದು ಆ ಹೆಸರು, ಅದರ ಕೆಳಗೆ ದಿನವೂ ಓಡಾಡುವ ನಾನಾ ದೇಶಗಳ, ನಾನಾ ಬಣ್ಣಗಳ ಮಕ್ಕಳು. ಅವರಲ್ಲಿ ನಮ್ಮ ಕಡೆಯ ಮಕ್ಕಳೂ ಇದ್ದಾರು.